ನಲವತ್ತೊಂದನೆಯ ಪುಟ

ಗ್ರಂಥಾಲಯದ ಪುಸ್ತಕಕ್ಕೆ ಗುರುತು ಹಾಕುವುದು ತಪ್ಪು. ಹಾಗೆಂದು ನಮ್ಮ ಸಾಲ್ಟ್‌ಬಿಯ ಗ್ರಂಥಾಲಯದ ಬಾಗಿಲಿನಲ್ಲೇ ಬರೆದು ಅಂಟಿಸಿದ್ದಾರೆ. ಆದರೂ ವಯಸ್ಸಾದವರೆಲ್ಲ ಹಾಕುತ್ತೇವೆ. ಒಮ್ಮೆ ಓದಿದ್ದನ್ನೇ ಮತ್ತೆ ಮನೆಗೆ ಹೊತ್ತುಕೊಂಡು ಹೋಗಬಾರದಲ್ಲ, ಅದಕ್ಕೆ. ಒಬ್ಬೊಬ್ಬರಿಗೆ ಒಂದೊಂದು ಪುಟ, ಒಂದೊಂದು ಗುರುತು. ವಿಲ್ಮಾ ಹದಿನೇಳನೆಯ ಪುಟದ ಅಂಕಿಯ ಕೆಳಗೆ ಒಂದು ಚುಕ್ಕೆ ಇಡುತ್ತಾಳೆ. ಹಲ್ಲಿನ ಡಾಕ್ಟರಾಗಿದ್ದ ಕ್ಲೈವ್ ಮೂವತ್ತೆರಡನೆಯ ಪುಟದ ಮೂಲೆಯಲ್ಲಿ ಪುಟ್ಟದೊಂದು ದವಡೆ ಹಲ್ಲು ಬರೆಯುತ್ತಾರೆ. ಎಲ್ಲ ಪೆನ್ಸಿಲ್ಲಿನಲ್ಲೇ, ತೆಳ್ಳಗೆ. ಕಪಾಟಿನಿಂದ ಪುಸ್ತಕ ತೆಗೆದವರು ಮೊದಲು ತಮ್ಮ ಪುಟ ತಿರುವಿ ನೋಡುತ್ತಾರೆ, ಹೆಸರು ಓದುವುದು ಆಮೇಲೆ. ಇನ್ನೊಬ್ಬರ ಗುರುತು ಕಣ್ಣಿಗೆ ಬಿದ್ದರೆ ಕಾಣದವರ ಹಾಗೆ ಹಾಳೆ ಮಗುಚಬೇಕು. ಆ ಮಾತೆತ್ತಬಾರದು. ಯಾರೂ ಕಲಿಸದೆ ಎಲ್ಲರಿಗೂ ತಿಳಿದಿರುವ ಮರ್ಯಾದೆ ಅದು.

ಸಿಬಿಲ್ ಗಾರ್ಸೈಡ್ ಮಾತ್ರ ಈ ಅಭ್ಯಾಸವನ್ನು ಕಂಡರೆ ಉರಿದುಬೀಳುತ್ತಿದ್ದಳು. ನಮ್ಮೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಇಂಗ್ಲಿಷ್ ಸಾಹಿತ್ಯ ಪಾಠ ಹೇಳಿದವಳು ಅವಳು. ನಾನು ಅದೇ ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದೆ. "ಪುಸ್ತಕದ ಮೇಲೆ ಗೀಚೋರು ನಾಳೆ ಗೋಡೆ ಮೇಲೂ ಗೀಚ್ತಾರೆ" ಎಂದು ಅವಳು ವಿಲ್ಮಾಳ ಮುಖಕ್ಕೇ ಹೇಳಿದ್ದುಂಟು. ಆದರೆ ಎರಡು ವರ್ಷಗಳಿಂದೀಚೆಗೆ ಅವಳೂ ಗುರುತು ಹಾಕತೊಡಗಿದ್ದಳು. ನಲವತ್ತೊಂದನೆಯ ಪುಟದ ಅಂಚಿನಲ್ಲಿ, ಮಕ್ಕಳ ಪ್ರಬಂಧಗಳಿಗೆ ಹಾಕುತ್ತಿದ್ದಂಥದೇ ರೈಟ್ ಮಾರ್ಕು. ಅದರ ಬಾಲ ಹಂದಿಮರಿಯ ಬಾಲದ ಹಾಗೆ ಸುರುಳಿ ಸುತ್ತಿರುತ್ತದೆ. ಊರಿನ ಅರ್ಧ ಹೆಂಗಸರು ಆ ಸುರುಳಿಗಾಗಿ ಹಂಬಲಿಸಿ ಬೆಳೆದವರು. ನಾನು ಅದನ್ನು ಕಂಡಾಗ ಹಾಳೆ ಮಗುಚಿದೆ.

ನವೆಂಬರ್ ತಿಂಗಳ ಒಂದು ಗುರುವಾರ. ಅವತ್ತು ನಮ್ಮ ಓದುಗರ ಗುಂಪು ಸೇರುವ ದಿನ. ಎಂದಿನಂತೆ ಸಿಬಿಲ್‌ಳನ್ನು ಕರೆದುಕೊಂಡು ಹೋಗಲು ಅವಳ ಮನೆಗೆ ಹೋದೆ. ಅವಳು ಆಗಲೇ ಕೋಟು ತೊಟ್ಟು, ಚೀಲವನ್ನು ಎರಡೂ ಕೈಯಲ್ಲಿ ಅವುಚಿಕೊಂಡು ನಿಂತಿದ್ದಳು. ಸಮುದ್ರದ ದಂಡೆಯ ರಸ್ತೆ ಹಿಡಿದೆವು. ಐಸ್‌ಕ್ರೀಮಿನ ಗೂಡಂಗಡಿಗಳಿಗೆಲ್ಲ ಚಳಿಗಾಲಕ್ಕೆಂದು ಹಲಗೆ ಬಡಿದಿತ್ತು. ಒಂದು ಬೆಂಚಿನ ಹತ್ತಿರ ಬಂದಾಗ ಅವಳು ನನ್ನ ತೋಳು ಹಿಡಿದಳು.

"ಎನಿಡ್, ಸ್ವಲ್ಪ ಕೂತ್ಕೊಳ್ಳೋಣ."

"ಈ ಗಾಳೀಲಾ?"

"ಈ ಗಾಳೀಲೇ. ಅದಕ್ಕೇ ಇಲ್ಲಿ ಯಾರೂ ಬರಲ್ಲ."

ಕೂತ ಮೇಲೆ ಚೀಲದಿಂದ ಪುಸ್ತಕ ತೆಗೆದಳು. ಆ ತಿಂಗಳು ನಾವೆಲ್ಲ ಓದಬೇಕಾಗಿದ್ದ 'ರ‍್ಯಾಕ್‌ಸ್ಟೋನಿನ ದೀಪ'. ಹಳೆಯ ಕಾದಂಬರಿ. ಹೊರರಟ್ಟಿನ ಮೇಲೆ ಬಿಳಿಯ ನೈಟಿ ತೊಟ್ಟ ಹುಡುಗಿಯೊಬ್ಬಳು ಬಂಡೆಯ ಮೇಲಿನ ಕಪ್ಪು ಮನೆಯಿಂದ ಓಡಿಬರುತ್ತಿದ್ದಾಳೆ, ಮನೆಯ ಒಂದೇ ಒಂದು ಕಿಟಕಿಯಲ್ಲಿ ಬೆಳಕು. ಸಿಬಿಲ್ ನಲವತ್ತೊಂದನೆಯ ಪುಟ ತೆರೆದು ನನ್ನ ತೊಡೆಯ ಮೇಲಿಟ್ಟಳು.

ಅಂಚಿನಲ್ಲಿ ನಾಲ್ಕು ರೈಟ್ ಮಾರ್ಕುಗಳಿದ್ದವು. ಒಂದರ ಕೆಳಗೊಂದು. ನಾಲ್ಕಕ್ಕೂ ಸುರುಳಿ ಬಾಲ. ಕೊನೆಯದು ಸ್ವಲ್ಪ ಸೊಟ್ಟಗಿತ್ತು.

"ಇದು ನಮ್ಮ ಗುಂಪಿಗೆ ಅಂತ ಕೌಂಟಿಯ ದೊಡ್ಡ ಗ್ರಂಥಾಲಯದಿಂದ ಬಂದ ಹೊಸ ಪುಸ್ತಕಗಳ ಗಂಟಿನ ಪ್ರತಿ," ಎಂದಳು. "ಗಂಟು ಬಿಚ್ಚಿದ ದಿನದಿಂದ ನನ್ನ ಹತ್ರಾನೇ ಇದೆ."

ನನಗೆ ತಿಳಿಯಿತು. ಆದರೂ ಬಾಯಿಗೆ ಬಂದದ್ದು ಬೇರೆ. "ಅಷ್ಟು ಚೆನ್ನಾಗಿತ್ತಾ ಕತೆ?"

"ನನ್ನ ಹತ್ರ ನಾಟಕ ಆಡ್ಬೇಡ. ನಿಂಗೆ ಬರಲ್ಲ ಅದು." ಪುಸ್ತಕ ವಾಪಸು ತೆಗೆದುಕೊಂಡಳು. "ಮೊದಲ ಸಲ ಓದಿ ಗುರುತು ಹಾಕ್ದೆ, ಅದು ಸರಿ. ಇನ್ನೊಂದು ಸಲ ಓದಿ ಮುಗಿಸಿ ಹಾಕೋಕ್ ಹೋದ್ರೆ ಅಲ್ಲಿ ಆಗಲೇ ಒಂದಿದೆ. ನನ್ನ ಹತ್ರ ಓದಿದ ಯಾವಳೋ ಹುಡುಗಿ ನನ್ನನ್ನ ಅಣಕಿಸಿದಾಳೆ ಅಂದ್ಕೊಂಡೆ. ಮೂರನೇ ಸಲ ನೋಡಿದ್ರೆ ಎರಡು. ಆಗ ಬಯ್ಯೋಕೆ ಯಾವ ಹುಡುಗೀನೂ ಸಿಗಲಿಲ್ಲ."

"ನಾಲ್ಕನೇದು?"

"ಅದನ್ನ ಹಾಕಿದ್ದೇ ಗೊತ್ತಿಲ್ಲ. ಇವತ್ತು ಬೆಳಿಗ್ಗೆ ನೋಡ್ದೆ."

"ಕತೆ ಏನು ಅಂತ..."

"ಒಬ್ಬ ಹುಡುಗಿ. ಬಂಡೆ ಮೇಲೊಂದು ಮನೆ. ಆಮೇಲೆ..." ಅವಳ ಕೈ ಗಾಳಿಯಲ್ಲಿ ಕಪ್ಪುಹಲಗೆ ಒರೆಸುವ ಹಾಗೆ ಆಡಿತು.

ನನ್ನ ಚೀಲದಲ್ಲಿ ಪೆನ್ಸಿಲ್ ಇತ್ತು, ಅದರ ತುದಿಯಲ್ಲಿ ರಬ್ಬರಿತ್ತು. ತೆಗೆದು ಕೊಟ್ಟೆ. ಅವಳು ಮುಟ್ಟಲಿಲ್ಲ.

"ಅಳಿಸಿಬಿಟ್ರೆ ನಾಳೆ ಇದು ನಂಗೇ ಗೊತ್ತಿರಲ್ಲ, ಎನಿಡ್."

ಸಮುದ್ರದ ಕಡೆ ನೋಡುತ್ತ ಕೂತೆವು. ಮನೆಗೆ ಹೋಗೋಣ, ನೆಗಡಿ ಅಂತ ಹೇಳುತ್ತೇನೆ ಎಂದೆ. ಹೋದ ತಿಂಗಳೂ ನೆಗಡಿ ಆಗಿತ್ತು ಎಂದಳು ಅವಳು.

"ಹೋಗೋಣ. ಅಲ್ಲಿರೋರಲ್ಲಿ ಅರ್ಧ ಜನ ನನ್ನ ಹತ್ರ ಓದಿದ ಮಕ್ಕಳು. ನನ್ನ ಬಗ್ಗೆ ಬೇರೆ ಏನು ಬೇಕಾದ್ರೂ ಅಂದ್ಕೊಳ್ಳಲಿ, ಜಂಬದವಳು, ಕೆಟ್ಟವಳು, ಏನಾದ್ರೂ. ಇದೊಂದು ಅವರಿಗೆ ಗೊತ್ತಾಗಬಾರ್ದು. ನೀನು ನನ್ನ ಪಕ್ಕದಲ್ಲೇ ಕೂತ್ಕೋ. ನನ್ನ ಮಾತು ದಾರಿ ತಪ್ಪಿದ್ರೆ ಕೆಮ್ಮು."

ಸರಿ ಎಂದೆ. ಕೆಮ್ಮುವುದೇನು ಕಷ್ಟ ಎಂದುಕೊಂಡೆ.

ಕೌಂಟಿಯವರು ಸಂಬಳ ನಿಲ್ಲಿಸಿದ ಮೇಲೆ ನಮ್ಮ ಗ್ರಂಥಾಲಯವನ್ನು ಊರಿನವರೇ ಸರದಿಯ ಮೇಲೆ ನಡೆಸುತ್ತೇವೆ. ತಿಂಗಳಿಗೊಂದು ಗುರುವಾರ ಮಧ್ಯಾಹ್ನ ಮಕ್ಕಳ ಮೂಲೆಯ ಪುಟ್ಟ ಕುರ್ಚಿಗಳನ್ನು ಸರಿಸಿ, ದೊಡ್ಡ ಮೇಜು ಎಳೆದು ಕೂರುತ್ತೇವೆ. ಅವತ್ತು ಐದೇ ಜನ. ಉಣ್ಣೆ ಅಂಗಡಿಯ ಪಾಲೀನ್, ಪಾರ್ಕಿನ್ ಎಂಬ ಓಟ್ಸ್, ಕಾಕಂಬಿ ಮತ್ತು ಶುಂಠಿಯ ಕೇಕು ಮಾಡಿಕೊಂಡು ಬಂದಿದ್ದಳು. ಈ ಕಾದಂಬರಿಯನ್ನು ಆರಿಸಿದವಳೂ ಅವಳೇ. ನಮ್ಮಲ್ಲಿ ಒಂದು ನಿಯಮವಿದೆ. ಪುಸ್ತಕ ಆರಿಸಿದವರು ಎಲ್ಲರ ಅಭಿಪ್ರಾಯ ಮುಗಿಯುವವರೆಗೆ ಬಾಯಿ ತೆರೆಯುವ ಹಾಗಿಲ್ಲ. ಪಾಲೀನ್ ಅದಕ್ಕಾಗಿಯೇ ಹೆಣಿಗೆ ತಂದಿದ್ದಳು.

ಮೊದಲು ಕ್ಲೈವ್. ಊರಿನ ಎಲ್ಲರ ಬಾಯಿಯೊಳಗೂ ಇಣುಕಿ ನೋಡಿದವರಾದ್ದರಿಂದ ಅವರಿಗೆ ಯಾರ ಸಂಕೋಚವೂ ಇಲ್ಲ.

"ನಂಗೆ ಒಂದೇ ಪ್ರಶ್ನೆ," ಎಂದರು. "ಈ ಕ್ಲೆಮೆನ್ಸಿ ಅನ್ನೋ ಹುಡುಗಿ ಆ ಮನೆಗೆ ಬಂದಿರೋದು ಪುಸ್ತಕ ಜೋಡಿಸೋಕೆ. ಗೋಪುರದ ಕಡೆ ಹೋಗ್ಬೇಡ ಅಂತ ಯಜಮಾನ ಹೇಳ್ತಾನೆ, ಅಡಿಗೆಯವಳು ಹೇಳ್ತಾಳೆ, ತೋಟದವನು ಹೇಳ್ತಾನೆ, ನಾಯಿ ಕೂಡ ಬೊಗಳಿ ಹೇಳುತ್ತೆ. ಇವಳು ಮೇಣದಬತ್ತಿ ಹಿಡ್ಕೊಂಡು ಹೋಗೇ ಹೋಗ್ತಾಳೆ. ಅದೂ ನೈಟೀಲಿ!"

"ಬರಿಗಾಲಲ್ಲಿ!" ಎಂದಳು ವಿಲ್ಮಾ. ಅವಳು ಗುಡ್ಡದ ಮೇಲೆ ಕುರಿ ಸಾಕಿದ ಮನೆಯವಳು. ಕಿವಿಗೆ ಮಷೀನು ಹಾಕಿಕೊಂಡಿದ್ದಾಳೆ, ಆದ್ದರಿಂದ ಎಲ್ಲವನ್ನೂ ಕೂಗಿಯೇ ಹೇಳುತ್ತಾಳೆ. "ಕಲ್ಲಿನ ನೆಲ, ಜನವರಿ ತಿಂಗಳು. ಕಾಲಿಗೆರಡು ಚೀಲ ಹಾಕ್ಕೊಳ್ಳೋಕೆ ಏನಂತೆ ರೋಗ ಅವ್ಳಿಗೆ?"

"ಕಾಲುಚೀಲ ಹಾಕ್ಕೊಂಡ್ರೆ ಪ್ರೇಮ ಹುಟ್ಟಲ್ಲ ವಿಲ್ಮಾ."

"ನಂಗೆ ಹುಟ್ಟಿತ್ತಪ್ಪಾ. ಎರಡು ಜೊತೆ ಹಾಕ್ಕೊಂಡಿದ್ದೆ."

ಪಾಲೀನ್ ಸೂಜಿಗಳ ಮೇಲೆ ಬಗ್ಗಿದಳು. ಕಿವಿ ಮಾತ್ರ ಕೆಂಪಗಾಗಿತ್ತು.

"ಇನ್ನು ಆ ಯಜಮಾನನ ಸೋದರಸಂಬಂಧಿ," ಕ್ಲೈವ್ ಮುಂದುವರಿಸಿದರು. "ಬಿಳೀ ಕೈಗವುಸಿನ ಏಡ್ರಿಯನ್. ಬಾಗಿಲಿಂದ ಒಳಗೆ ಕಾಲಿಟ್ಟ ಕೂಡಲೇ ಗೊತ್ತಾಗಲ್ವಾ ಇವನೇ ಕೊಲೆಗಾರ ಅಂತ? ಅಷ್ಟು ನಯವಾಗಿ ಮಾತಾಡೋ ಗಂಡಸು ಯಾವ ಕಾದಂಬರೀಲಿ ಕೊನೇತನಕ ಬದುಕಿದಾನೆ? ಅವಳ ತಲೆ ಮೇಲೆ ಕಲ್ಲು ನೂಕ್ತಾನೆ, ಹಾಲಿಗೆ ಏನೋ ಬೆರೆಸ್ತಾನೆ, ಇವಳು ಇನ್ನೂ ಅವನ ಹತ್ರಾನೇ ಹೋಗಿ ಕಷ್ಟ ಹೇಳ್ಕೋತಾಳೆ."

"ಮುಂಗುಸಿ ಮುಖದೋನು," ಎಂದಳು ವಿಲ್ಮಾ. "ಸಮುದ್ರಕ್ಕೆ ಬಿದ್ದಾಗ ನಾನು ಚಪ್ಪಾಳೆ ಹೊಡೆದೆ. ಒಬ್ಳೇ ಕೂತ್ಕೊಂಡು."

ಕ್ಲೈವ್ ಹತ್ತಕ್ಕೆ ಮೂರು ಕೊಟ್ಟರು, ವಿಲ್ಮಾ ಸಮುದ್ರಕ್ಕೆ ಬಿದ್ದದ್ದಕ್ಕಾಗಿ ಐದು ಕೊಟ್ಟಳು. ನನ್ನ ಸರದಿ ಬಂದಾಗ, ಲೇಖಕಿ ಮನೆಯೊಳಗಿನ ದಾರಿಗಳನ್ನು ಚೆನ್ನಾಗಿ ಹೇಳಿದ್ದಾಳೆ, ನಕ್ಷೆ ಬರೆಯಬಹುದು ಎಂದೆ. ಭೂಗೋಳದವಳು ಇನ್ನೇನು ಹೇಳುತ್ತಾಳೆ ಎಂದು ನಕ್ಕರು.

ಆಮೇಲೆ ಸಿಬಿಲ್. ಅವಳು ಪುಸ್ತಕವನ್ನು ಚೀಲದಿಂದ ತೆಗೆದು, ಮುಚ್ಚಿಯೇ ಮೇಜಿನ ಮೇಲಿಟ್ಟು, ಅದರ ಮೇಲೆ ಅಂಗೈ ಇಟ್ಟುಕೊಂಡಳು. ತರಗತಿಯಲ್ಲಿ ನಿಲ್ಲುತ್ತಿದ್ದ ಹಾಗೆ ಬೆನ್ನು ನೇರ ಮಾಡಿದಳು.

"ಈ ಲೇಖಕಿಗೆ ವಿಶೇಷಣಗಳ ಚಟ," ಎಂದಳು. "ಗಾಳಿ ಸುಮ್ಮನೆ ಬೀಸೋಕೆ ಬಿಡೋದಿಲ್ಲ. ನರಳಬೇಕು. ಬಾಗಿಲು ಮುಚ್ಚಿಕೊಳ್ಳೋದಿಲ್ಲ, ನಿಟ್ಟುಸಿರು ಬಿಡುತ್ತೆ. ಇಷ್ಟು ಕಾಯಿಲೆ ಬಿದ್ದ ಮನೆಗೆ ಪುಸ್ತಕ ಜೋಡಿಸೋರು ಬೇಡ, ಡಾಕ್ಟರು ಬೇಕು."

ಎಲ್ಲರೂ ನಕ್ಕರು. ಯಾವ ಪುಟವನ್ನೂ ಹೆಸರಿಸದೆ, ಯಾವ ಪಾತ್ರವನ್ನೂ ಮುಟ್ಟದೆ ಮಾತು ನಡೆಸಿದಳು. ಕೆಮ್ಮಲು ಗಂಟಲು ಸರಿಮಾಡಿಕೊಂಡು ಕೂತಿದ್ದ ನಾನು ಉಸಿರು ಬಿಟ್ಟೆ. "ನಾಲ್ಕು ಅಂಕ," ಎಂದು ಮುಗಿಸಿದಳು. "ಕಾಗುಣಿತಕ್ಕೆ."

ಪಾಲೀನ್ ಹೆಣಿಗೆ ಕೆಳಗಿಟ್ಟಳು. ಅವಳಿಗೆ ಈಗ ಐವತ್ತೆಂಟು. ಇವತ್ತಿಗೂ ಸಿಬಿಲ್‌ಳನ್ನು 'ಮಿಸ್' ಎಂದೇ ಕರೆಯುತ್ತಾಳೆ.

"ಮಿಸ್, ನಿಮಗೆ ಜ್ಞಾಪಕ ಇದೆಯೋ ಇಲ್ವೋ," ಎಂದು ಶುರು ಮಾಡಿದಳು. ನನ್ನ ಪಕ್ಕದಲ್ಲಿ ಸಿಬಿಲ್‌ಳ ಬೆರಳುಗಳು ಪುಸ್ತಕದ ಮೇಲೆ ಬಿಗಿದುಕೊಂಡವು. "ನಾನು ಮೂರನೇ ಫಾರಂನಲ್ಲಿ, ಹದಿಮೂರು ವರ್ಷದವಳಿದ್ದಾಗ ಇಂಥದ್ದೇ ಒಂದು ಕಾದಂಬರಿ ನನ್ನ ಡೆಸ್ಕಿಂದ ಕಿತ್ಕೊಂಡ್ರಿ. ಒಂದು ಪುಟ ಇಡೀ ಕ್ಲಾಸಿಗೆ ಓದಿದ್ರಿ. ಗಾಳಿ ನರಳೋ ಪುಟಾನೇ. ಎಲ್ಲರೂ ಬಿದ್ದುಬಿದ್ದು ನಕ್ಕರು. ಅವತ್ತಿಂದ ನಾನು ಇಂಥ ಪುಸ್ತಕಗಳಿಗೆ ಸ್ವೆಟರ್ ಡಿಸೈನಿನ ಪುಸ್ತಕದ ರಟ್ಟು ಹಾಕ್ಕೊಂಡು ಓದ್ತೀನಿ. ನನ್ನ ಅಂಗಡೀಲಿ, ನನ್ನ ಕುರ್ಚೀಲಿ ಕೂತು. ಈ ಸಲ ಧೈರ್ಯ ಮಾಡಿ ಆರಿಸ್ದೆ."

"ಅಯ್ಯೋ ಪಾಲೀನ್, ನಾವು ತಮಾಷೆ ಮಾಡಿದ್ದು," ಎಂದರು ಕ್ಲೈವ್.

"ಮಾಡಿ. ಆದ್ರೆ ಒಂದು ಜಾಗ ಮಾತ್ರ ನೀವ್ಯಾರೂ ಹೇಳಲಿಲ್ಲ. ಆ ಯಜಮಾನ ಸ್ಟ್ರೇಡ್ ಇಡೀ ಪುಸ್ತಕದಲ್ಲಿ ಅವಳಿಗೆ ಒಂದು ಒಳ್ಳೇ ಮಾತಾಡಲ್ಲ, ನಿಜ. ಆದ್ರೆ ಅವಳು ಪುಸ್ತಕ ಜೋಡಿಸ್ತಾ ನಿದ್ದೆಹೋದಾಗ ಒಬ್ಬರು ಬಂದು ಕೋಟು ಹೊದಿಸಿ ಹೋಗ್ತಾರಲ್ಲ. ಆ ಬಾಗಿಲು ಕಿರುಗುಟ್ಟುತ್ತೆ ಅಂತ ಅದನ್ನ ಮೇಲಕ್ಕೆ ಎತ್ತಿ ಹಿಡ್ಕೊಂಡು ಮುಚ್ತಾರಲ್ಲ. ಯಾರು ಅಂತ ಆಗ ಹೇಳೋದೇ ಇಲ್ಲ. ಅದನ್ನ ಯಾರಾದ್ರೂ ಗಟ್ಟಿಯಾಗಿ ಓದಿ. ಕ್ಲೈವ್, ನೀವೇ ಓದಿ, ನಿಮ್ಮ ಧ್ವನಿ ಚೆನ್ನಾಗಿದೆ. ನಲವತ್ತನೇ ಪುಟದ ಆಸುಪಾಸಿನಲ್ಲಿದೆ."

ಅದೇ ಹೊತ್ತಿಗೆ ವಿಲ್ಮಾ ಪಾರ್ಕಿನ್ ತಟ್ಟೆಯನ್ನು ಸಿಬಿಲ್ ಮುಂದೆ ಚಾಚಿದ್ದಳು. ತಟ್ಟೆ ಹಿಡಿಯಲು ಸಿಬಿಲ್ ಪುಸ್ತಕದ ಮೇಲಿಂದ ಕೈ ತೆಗೆದಳು. ಕ್ಲೈವ್ ಹತ್ತಿರದಲ್ಲಿದ್ದ ಆ ಪ್ರತಿಯನ್ನು ಯಾರದೆಂದು ನೋಡದೆ ಎಳೆದುಕೊಂಡು ಹಾಳೆ ತಿರುವತೊಡಗಿದರು. ನಾನು ಕೆಮ್ಮಿದೆ. ಅದರಿಂದ ಏನು ಪ್ರಯೋಜನ!

"ಓಹೋಹೋ!" ಎಂದರು ಕ್ಲೈವ್. "ಇಲ್ಲಿ ಯಾರಿಗೋ ಪುಸ್ತಕ ತುಂಬಾನೇ ಹಿಡಿಸಿಬಿಟ್ಟಿದೆ. ಒಂದಲ್ಲ, ನಾಲ್ಕು ಗುರುತು!"

"ಕ್ಲೈವ್, ಅದನ್ನೆಲ್ಲ ನೋಡಬಾರ್ದು," ಎಂದಳು ವಿಲ್ಮಾ.

"ನೋಡಬಾರ್ದು ಅಂದ್ರೆ ಕಣ್ಣಿಗೆ ಹೊಡೆಯುತ್ತಲ್ಲಾ. ಯಾವ ಕಳ್ಳಿ ಇವಳು?"

ಪಾಲೀನ್ ಬಗ್ಗಿ ನೋಡಿದಳು. ಸುರುಳಿ ಬಾಲವನ್ನು ಅವಳಿಗೆ ಯಾರೂ ಪರಿಚಯ ಮಾಡಿಸಬೇಕಾಗಿರಲಿಲ್ಲ. ತಲೆಯೆತ್ತಿದಾಗ ಅವಳ ಬಾಯಿ ಚಿಕ್ಕ ಹುಡುಗಿಯ ಹಾಗೆ ತೆರೆದುಕೊಂಡಿತ್ತು.

"ಮಿಸ್?"

ಸಿಬಿಲ್ ಕೆಂಪಾದಳು. ಕುತ್ತಿಗೆಯಿಂದ ಹಣೆಯವರೆಗೆ. ಅಷ್ಟು ವರ್ಷಗಳ ಒಡನಾಟದಲ್ಲಿ ಅವಳನ್ನು ನಾನು ಹಾಗೆ ಕಂಡಿರಲಿಲ್ಲ. ಅವಳ ಮುಂದೆ ಎರಡು ನಾಚಿಕೆಗಳಿದ್ದವು, ಒಂದನ್ನು ಎತ್ತಿಕೊಳ್ಳಲೇಬೇಕಾಗಿತ್ತು. ಹಗುರವಾದದ್ದನ್ನು ಎತ್ತಿಕೊಂಡಳು.

"ಹೌದು," ಎಂದಳು. "ನಾಲ್ಕು ಸಲ ಓದಿದೆ. ನನಗೆ ಇಷ್ಟವಾಯಿತು."

ಮೇಜು ಕುಣಿದುಹೋಯಿತು. "ನಾಲ್ಕು ಸಲ ಓದಿ ನಾಲ್ಕು ಅಂಕ!" ಎಂದು ಕ್ಲೈವ್ ತೊಡೆ ತಟ್ಟಿಕೊಂಡರು. "ಕಾಗುಣಿತಕ್ಕಂತೆ! ಯಜಮಾನ ಸ್ಟ್ರೇಡ್‌ನ ಕಾಗುಣಿತಕ್ಕಾ ಮಿಸ್ ಗಾರ್ಸೈಡ್?" ವಿಲ್ಮಾ, "ಏನಂತೆ? ಏನಂದ್ರು?" ಎಂದು ಕೇಳಿ, ಮತ್ತೆ ಹೇಳಿಸಿಕೊಂಡು, ಕಣ್ಣೀರು ಬರುವ ಹಾಗೆ ನಕ್ಕಳು.

ಪಾಲೀನ್ ನಗಲಿಲ್ಲ. ಎದ್ದು ಮೇಜು ಸುತ್ತಿ ಬಂದು ಸಿಬಿಲ್‌ಳ ತೋಳಿನ ತುದಿಯನ್ನು ಎರಡು ಬೆರಳಲ್ಲಿ ಮುಟ್ಟಿದಳು. ನಮ್ಮ ಕಡೆ ಅದು ಅಪ್ಪಿಕೊಂಡದ್ದಕ್ಕಿಂತ ಹೆಚ್ಚು.

"ನೀವೂನಾ ಮಿಸ್? ಇಷ್ಟು ವರ್ಷ ನಾನೊಬ್ಳೇ ಪೆದ್ದಿ ಅಂದ್ಕೊಂಡಿದ್ದೆ. ನಿಮಗೂ ಇಷ್ಟಾನಾ?"

"ಹೂಂ."

"ಯಾವ ಜಾಗ? ಕೋಟು ಹೊದಿಸೋ ಜಾಗ ತಾನೇ? ನಂಗೊತ್ತು ಅದೇ ಅಂತ."

"ಅದೇ," ಎಂದಳು ಸಿಬಿಲ್.

ಅಲ್ಲಿಗೆ ನಿಲ್ಲಿಸಿದ್ದರೆ ಎಲ್ಲ ಮುಗಿದುಹೋಗುತ್ತಿತ್ತು. ಆದರೆ ಒಂದು ಪದದ ಉತ್ತರವನ್ನು ಅವಳು ಯಾವ ಮಗುವಿನಿಂದಲೂ ಒಪ್ಪಿಕೊಂಡವಳಲ್ಲ. ಪೂರ್ತಿ ವಾಕ್ಯದಲ್ಲಿ ಹೇಳು ಎನ್ನುವುದು ಅವಳ ಉಸಿರಿನಷ್ಟೇ ಹಳೆಯ ಮಾತು. ಜೊತೆಗೆ ಪಾಲೀನಳ ಮುಖದಲ್ಲಿ ಅಂಥ ಬೆಳಕಿತ್ತು, ಅದಕ್ಕೆ ಏನಾದರೂ ಕೊಡದೆ ಇರುವುದು ಕಷ್ಟವೇ.

"ಆ ಸೋದರಸಂಬಂಧಿ ಎಷ್ಟು ಮೃದುವಾಗಿ ಕೋಟು ಹೊದಿಸ್ತಾನೆ ನೋಡು," ಎಂದಳು. "ಬಿಳೀ ಕೈಗವುಸಿನವನು. ಬಾಗಿಲಿಗೆ ಕೂಡ ನೋವಾಗದ ಹಾಗೆ. ಅವನು ಒಳ್ಳೆಯವನು ಅಂತ ನನಗೆ ಅಲ್ಲೇ ತಿಳೀತು. ಕೊನೇಲಿ ಅವಳು ಅವನ ಕೈ ಹಿಡಿದಾಗ ತುಂಬ ಸಮಾಧಾನ ಆಯ್ತು."

ನಾನು ಕೆಮ್ಮಿದೆ. ಮತ್ತೆ ಕೆಮ್ಮಿದೆ. ಅವಳು ನನ್ನ ಕಡೆ ತಿರುಗಿದಳು, ಆಗಲೇ ಹೇಳಿ ಮುಗಿಸಿದ್ದಳು.

ಗೋಡೆಯ ಹೀಟರಿನೊಳಗೆ ನೀರು ಗುಳುಗುಳು ಎಂದಿತು. ಕ್ಲೈವ್ ಕೈಯಲ್ಲಿ ಪುಸ್ತಕ ಇನ್ನೂ ತೆರೆದೇ ಇತ್ತು. ಅವರು ಅಂಚಿನ ನಾಲ್ಕು ಗುರುತುಗಳನ್ನು ನೋಡಿದರು, ಕೊನೆಯ ಸೊಟ್ಟ ಗುರುತಿನ ಮೇಲೆ ಅವರ ಕಣ್ಣು ನಿಂತಿತು. ನಗುವಿನ ಗೆರೆಗಳು ಮುಖದಲ್ಲಿ ಹಾಗೆಯೇ ಉಳಿದಿದ್ದವು, ನಗು ಇರಲಿಲ್ಲ. ಪುಸ್ತಕವನ್ನು ಮೆಲ್ಲಗೆ ಮುಚ್ಚಿದರು.

"ಹೌದು," ಎಂದರು. "ನಿಜ. ಒಂದು ರೀತೀಲಿ ನೋಡಿದ್ರೆ ಏಡ್ರಿಯನ್ ಒಳ್ಳೆಯವನೇ."

"ಯಾರು, ಆ ಕೈಗವುಸಿನೋನಾ?" ವಿಲ್ಮಾ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಕಿವಿ ಕೇಳದಿದ್ದರೂ ಅವಳಿಗೆ ಮುಖ ಓದಲು ಬರುತ್ತದೆ. "ಹೂಂ. ಒಳ್ಳೇ ಹುಡುಗ," ಎಂದು ಕೂಗಿದಳು. "ಬಂಗಾರದಂಥೋನು."

ಪಾಲೀನಳ ಬೆರಳು ಸಿಬಿಲ್‌ಳ ತೋಳಿನಿಂದ ಇನ್ನೂ ಸರಿದಿರಲಿಲ್ಲ. "ಸರಿ ಮಿಸ್," ಎಂದಳು. "ನೀವು ಹೇಳಿದ್ದೇ ಸರಿ."

ಆಮೇಲೆ ಎಲ್ಲರೂ ಒಟ್ಟಿಗೆ ಎದ್ದರು. ಚಹಾ ಯಾರಿಗೆ ಬೇಕು, ಹಾಲು ಎಲ್ಲಿದೆ, ಕೆಟಲ್ಲಿನಲ್ಲಿ ನೀರಿದೆಯಾ, ಇಲ್ಲ ನಾನು ತರುತ್ತೇನೆ, ನೀವು ಕೂತಿರಿ. ಯಾರಾದರೂ ಸತ್ತಾಗಲೂ, ಯಾರ ಮಗನಾದರೂ ಜೈಲಿಗೆ ಹೋದಾಗಲೂ ನಾವು ಮಾಡುವುದು ಇದನ್ನೇ.

"ಕೂತ್ಕೊಳ್ಳಿ," ಎಂದಳು ಸಿಬಿಲ್.

ಕೂತರು. ಕೆಟಲ್ ಹಿಡಿದಿದ್ದ ಕ್ಲೈವ್ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಕೂತರು.

"ಇಡೀ ಕ್ಲಾಸು ಸೇರಿ ಸುಳ್ಳು ಹೇಳುವಾಗ ಮುಖಗಳು ಹೇಗಿರ್ತವೆ ಅಂತ ನಂಗೊತ್ತು. ಬಹಳ ಸಲ ನೋಡಿದೀನಿ." ಅವಳ ಧ್ವನಿ ತರಗತಿಯ ಧ್ವನಿಯೇ, ಆದರೆ ಕೈಗಳು ಚೀಲದ ಹಿಡಿಯನ್ನು ಹುಡುಕುತ್ತಿದ್ದವು. "ಪಾಲೀನ್. ನಾನು ಹೇಳಿದ್ದು ಸರಿಯೋ ತಪ್ಪೋ?"

"ಮಿಸ್, ಹೋಗಲಿ ಬಿಡಿ..."

"ಪೂರ್ತಿ ವಾಕ್ಯದಲ್ಲಿ."

ಪಾಲೀನಳ ಕಣ್ಣಿಂದ ನೀರು ಇಳಿಯಿತು. ಒರೆಸಿಕೊಳ್ಳಲಿಲ್ಲ. "ನೀವು ಹೇಳಿದ್ದು ತಪ್ಪು ಮಿಸ್. ಕೋಟು ಹೊದಿಸಿದ್ದು ಯಜಮಾನ ಸ್ಟ್ರೇಡ್. ಏಡ್ರಿಯನ್ ಅವಳನ್ನ ಕೊಲ್ಲೋಕೆ ನೋಡಿದೋನು. ಅವನು ಕೊನೇಲಿ ಸಮುದ್ರಕ್ಕೆ ಬೀಳ್ತಾನೆ."

"ಹೌದಾ," ಎಂದಳು ಸಿಬಿಲ್. ಮೊದಲ ಸಲ ಕೇಳಿದವಳ ಹಾಗೆ. "ನಂಗೆ ಅದೊಂದೂ ನೆನಪಿಲ್ಲ. ನಾಲ್ಕು ಸಲ ಓದಿದ್ದು ಇಷ್ಟಪಟ್ಟಲ್ಲ, ಓದಿದ್ದು ನೆನಪಿಲ್ಲದೆ. ಇಷ್ಟವಾಯ್ತು ಅಂತ ನಿಂಗೆ ಹೇಳಿದ್ನಲ್ಲ ಪಾಲೀನ್, ಅದೂ ಸುಳ್ಳು. ಇಷ್ಟ ಆಯ್ತೋ ಇಲ್ವೋ ಅನ್ನೋದು ಕೂಡ ನಂಗೆ ಗೊತ್ತಿಲ್ಲ."

ಅವಳು ಎದ್ದು ಕೋಟಿಗೆ ಕೈ ಹಾಕಿದಳು, ತೋಳು ಸಿಗಲಿಲ್ಲ, ಮತ್ತೆ ಹಾಕಿದಳು. ಎಲ್ಲರೂ ಮೇಜಿನ ಮೇಲಿದ್ದ ತಟ್ಟೆಗಳನ್ನು ನೋಡುತ್ತಿದ್ದರು. ಕ್ಲೈವ್ ಮಾತ್ರ ಎದ್ದು ನಿಂತರು.

"ಮಿಸ್ ಗಾರ್ಸೈಡ್, ನಾನು ಅದನ್ನ ನೋಡಬಾರದಿತ್ತು."

"ಹೌದು ಕ್ಲೈವ್. ನೋಡಬಾರದಿತ್ತು."

ಅವರ ಕಿವಿಗಳು ಕೆಂಪಾದದ್ದು ನನಗೆ ಕಾಣುತ್ತಿತ್ತು. ವಿಲ್ಮಾ ಎರಡು ತುಂಡು ಪಾರ್ಕಿನ್ ಕಾಗದದಲ್ಲಿ ಸುತ್ತಿದಳು. ಸಿಬಿಲ್‌ಳ ಕೈಗೆ ಕೊಟ್ಟರೆ ಅವಳು ಏನಾದರೂ ಹೇಳಬೇಕಾಗುತ್ತದಲ್ಲ, ಅದಕ್ಕೆ ಅದನ್ನು ನನ್ನ ಕೋಟಿನ ಜೇಬಿಗೆ ತುರುಕಿದಳು. ಜೀವಮಾನದಲ್ಲಿ ಮೊದಲ ಸಲ ಏನೂ ಕೂಗದೆ.

ಹೊರಗೆ ಬೆಳಕು ತಗ್ಗಿತ್ತು, ಗಾಳಿ ಇನ್ನೂ ಇತ್ತು. ಸಿಬಿಲ್ ನನ್ನ ತೋಳು ಹಿಡಿಯದೆ ಒಬ್ಬಳೇ ಮುಂದೆ ಮುಂದೆ ನಡೆದಳು. ನಾನು ಹಿಂದೆ ಬಂದೆ. ಬೆಂಚು ದಾಟಿದ ಮೇಲೆ ತಿರುಗದೆಯೇ ಮಾತಾಡಿದಳು.

"ತಪ್ಪು ಉತ್ತರಾನ ಸರಿ ಅಂದ್ರು, ಎನಿಡ್. ಮೂರೂ ಜನ."

"ಪ್ರೀತಿಯಿಂದ ಅಂದ್ರು."

"ಗೊತ್ತು. ಅದನ್ನೇ ತಡ್ಕೊಳ್ಳೋಕೆ ಆಗ್ತಾ ಇಲ್ಲ. ಬೈದಿದ್ರೆ ತಡ್ಕೋತಿದ್ದೆ."

ಇನ್ನಷ್ಟು ದೂರ ನಡೆದಳು. "ಆ ಹುಡುಗಿ ಮುಖ ನೋಡ್ದೆಯಾ? ನೀವೂನಾ ಮಿಸ್ ಅಂದಾಗ? ಅದನ್ನೂ ಅವಳ ಕೈಯಿಂದ ಕಿತ್ಕೊಂಡೆ."

ಸುಳ್ಳನ್ನು ಹಾಗೆಯೇ ಬಿಟ್ಟಿದ್ದರೆ ಪಾಲೀನಳಿಗೆ ಒಳ್ಳೆಯದಾಗುತ್ತಿತ್ತೇನೋ. ಆದರೆ ಆ ಸುಳ್ಳನ್ನು ಸಿಬಿಲ್ ಎಷ್ಟು ದಿನ ನೆನಪಿಟ್ಟುಕೊಳ್ಳಬಲ್ಲಳು?

ಹಿಂದಿನಿಂದ ಕೂಗು ಕೇಳಿಸಿತು. ಪಾಲೀನ್ ಓಡಿಬರುತ್ತಿದ್ದಳು, ಕೋಟೂ ಇಲ್ಲ, ಟೋಪಿಯೂ ಇಲ್ಲ. ದಪ್ಪ ಹೆಂಗಸು, ಓಡಿ ಅಭ್ಯಾಸವಿಲ್ಲ. ನಮ್ಮ ಹತ್ತಿರ ಬಂದು ಸೊಂಟದ ಮೇಲೆ ಕೈಯಿಟ್ಟು ಏದುಸಿರು ಬಿಟ್ಟಳು. ಕಣ್ಣು ಇನ್ನೂ ಕೆಂಪಗಿತ್ತು.

"ಮಿಸ್, ಮುಂದಿನ ತಿಂಗಳು ನಿಮ್ಮ ಸರದಿ. ಯಾವ ಪುಸ್ತಕ ಅಂತ ಇವತ್ತೇ ಹೇಳಿ ಕಳಿಸ್ಬೇಕು. ಇಲ್ಲಾಂದ್ರೆ ಗಂಟು ಬರಲ್ಲ."

ಸಿಬಿಲ್ ಸಮುದ್ರದ ಕಡೆ ನೋಡುತ್ತ ನಿಂತಳು. "ಬೇರೆ ಯಾರಾದ್ರೂ ಆರಿಸಲಿ, ಪಾಲೀನ್. ನಾನಿನ್ನು ಬರೋದು..."

"ಸರದಿ ನಿಮ್ಮದು ಮಿಸ್."

ಆ ಮಾತಿನಲ್ಲಿ ಮರುಕ ಇರಲಿಲ್ಲ. ಅಂಗಡಿಯಲ್ಲಿ ನಿಂತು, ಯಾವ ಬಣ್ಣದ ಉಣ್ಣೆ ಕೊಡಲಿ ಎಂದು ಕೇಳುವ ಧ್ವನಿ ಅದು. ಕೊಳ್ಳುವವರು ಹೇಳುವವರೆಗೆ ಅವಳು ಕಾಯುತ್ತಾಳೆ. ಈಗಲೂ ಚಳಿಯಲ್ಲಿ ತೋಳುಗಳನ್ನು ಉಜ್ಜಿಕೊಳ್ಳುತ್ತ ಕಾದಳು.

ಸಿಬಿಲ್‌ಳ ಮುಖ ಮತ್ತೆ ಕೆಂಪೇರಿತು. ಹೇಳಬೇಕಾದದ್ದು ಬಾಯಿಗೆ ಬರಲು ಬಹಳ ಹೊತ್ತು ಹಿಡಿಯಿತು.

"ಸಣ್ಣ ಕತೆಗಳು," ಎಂದಳು ಕೊನೆಗೆ. ಅಷ್ಟು ಸಣ್ಣ ಧ್ವನಿ ಅವಳದೆಂದು ನಂಬುವುದು ಕಷ್ಟವಾಗಿತ್ತು. "ಚಿಕ್ಕಚಿಕ್ಕವು. ಕೂತಲ್ಲೇ ಓದಿ ಮುಗಿಸಬಹುದಾದಂಥವು. ಓದಿ, ಅಲ್ಲೇ ಮಾತಾಡಿಬಿಡೋಣ. ಮನೆಗೆ ತಗೊಂಡು ಹೋಗೋದು ಬೇಡ. ಯಾವುದು ಅಂತ ನೀನೇ ನೋಡು."

"ನಾನು ನೋಡಿದ್ರೆ ಅದರಲ್ಲಿ ಬಂಡೆ ಮೇಲೊಂದು ಮನೆ ಇದ್ದೇ ಇರುತ್ತೆ ಮಿಸ್."

"ಇರಲಿ."

"ಗಾಳಿ ನರಳುತ್ತೆ."

"ನರಳಲಿ ಪಾಲೀನ್. ಒಳಗೆ ಹೋಗು, ನೆಗಡಿ ಆಗುತ್ತೆ."

ಪಾಲೀನ್ ಬಂದ ಹಾಗೆಯೇ ಓಡಿದಳು. ಸಿಬಿಲ್ ಅವಳು ಹೋದ ಕಡೆ ತಲೆಯೆತ್ತಿ ನೋಡಲಿಲ್ಲ. ಮನೆ ಸೇರುವವರೆಗೆ ನನ್ನನ್ನೂ ನೋಡಲಿಲ್ಲ. ಬಾಗಿಲಿನ ಮುಂದೆ ಬೆನ್ನು ತಿರುಗಿಸಿ ನಿಂತು ಬೀಗದ ಕೈ ಹುಡುಕತೊಡಗಿದಳು. ಒಂದು ಜೇಬು, ಇನ್ನೊಂದು ಜೇಬು, ಚೀಲ, ಮತ್ತೆ ಮೊದಲ ಜೇಬು.

ನಾನು ರಸ್ತೆಯ ಕಡೆ ತಿರುಗಿ, ಎದುರು ಮನೆಯ ಗುಲಾಬಿ ಗಿಡಗಳನ್ನು ಕತ್ತರಿಸಿದ್ದು ಚೆನ್ನಾಗಿದೆಯೇ ಎಂದು ನೋಡುತ್ತ ನಿಂತೆ, ಬಾಗಿಲು ತೆರೆದ ಸದ್ದು ಕೇಳಿಸುವವರೆಗೂ.